ಕೊನೆಯ ದಿನಗಳ ಆರೈಕೆ

ಕಾಯಿಲೆಯು ಗುಣವಾಗದೆಂದು ತಿಳಿದೊಡನೆ ‘ಇನ್ನು ಮಾಡುವಂಥದ್ದು ಏನೂ ಇಲ್ಲ’ ಎಂಬ ಮಾತು ಕೇಳಿಬರುತ್ತದೆ. ಇದು ಸರಿಯಲ್ಲ. ಚಿಕಿತ್ಸೆ ಮುಗಿದರೂ ಆರೈಕೆ ಮುಗಿಯುವುದಿಲ್ಲ. ಇಂತಹ ರೋಗಿಗಳ ಆರೈಕೆಗೆಂದೇ ಇರುವ ಕೇಂದ್ರವನ್ನು ಹಾಸ್ಪಿಸ್ ಎನ್ನುತ್ತಾರೆ.

ದಾದಿಯಾಗಿ ದುಡಿದು ಅನಂತರ ವೈದ್ಯರಾದ ಸಿಸಿಲಿ ಸಾಂಡರ್ಸ್ ಅವರು 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸನ್ನು ಆರಂಭಿಸಿದರು. ನೋವು ದೇಹಕ್ಕೆ ಮಾತ್ರ ಸೇರಿದ್ದಲ್ಲ. ಮನಸ್ಸಿನ ಅಂಜಿಕೆ, ಸಂಸಾರದ ಚಿಂತೆ, ‘ನನ್ನ ಬಾಳಿಗೆ ಅರ್ಥವೇನು’ ಎಂಬ ಪ್ರಶ್ನೆ, ಇವೆಲ್ಲವೂ ಅದರಲ್ಲಿ ಸೇರಿವೆ ಎಂದು ಅವರು ತೋರಿಸಿಕೊಟ್ಟರು. ಭಾರತದ ಮೊದಲ ಹಾಸ್ಪಿಸ್ ಆದ ಶಾಂತಿ ಅವೇದನಾ ಸದನವು 1986ರಲ್ಲಿ ಮುಂಬಯಿಯಲ್ಲಿ ಪ್ರಾರಂಭವಾಯಿತು. ‘ಅವೇದನಾ’ ಎಂದರೆ ವೇದನೆಯಿಲ್ಲದಿರುವಿಕೆ.

ನೋವಿನ ಶಮನವೇ ಮೊದಲ ಕರ್ತವ್ಯ. ತೀವ್ರವಾದ ನೋವಿಗೆ ವೈದ್ಯರ ಸೂಚನೆಯಂತೆ ಮಾರ್ಫಿನ್ ಔಷಧವನ್ನು ನಿಗದಿತ ವೇಳೆಗೆ ತಪ್ಪದೆ ಕೊಡಬೇಕು. ಚಟವಾದೀತೆಂಬ ಭಯದಿಂದ ನಿಲ್ಲಿಸಬಾರದು. ಈ ಔಷಧವು ದೊರೆಯಲು ಇದ್ದ ತೊಡಕುಗಳನ್ನು ಕಡಿಮೆ ಮಾಡಲೆಂದು 2014ರಲ್ಲಿ ಮಾದಕ ವಸ್ತುಗಳ ಕಾಯಿದೆಗೆ ತಿದ್ದುಪಡಿ ತರಲಾಯಿತು.

ನೋವು ಅಡಗಿದಾಗ ರೋಗಿಯು ಮಾತನಾಡಬಯಸುತ್ತಾನೆ. ಅಣ್ಣನೊಡನೆ ಮುರಿದ ಸಂಬಂಧ, ಮಗಳ ಮುಂದಿನ ಬದುಕು, ಹುಟ್ಟೂರಿನ ನೆನಪು, ಹೀಗೆ ಹೇಳಬೇಕಾದುದು ಬಹಳವಿರುತ್ತದೆ. ಮನೆಯವರು ‘ಏನೂ ಆಗುವುದಿಲ್ಲ’ ಎಂದು ಬಾಯಿ ಮುಚ್ಚಿಸದೆ ಪಕ್ಕದಲ್ಲಿ ಕುಳಿತು ಕೇಳಬೇಕು. ಪರಭಾಷೆಯ ಊರಿನಲ್ಲಿ ಹಾಸಿಗೆ ಹಿಡಿದವರಿಗೆ ತಾಯ್ನುಡಿಯ ನಾಲ್ಕು ಮಾತುಗಳೂ ಸಮಾಧಾನ ತರುತ್ತವೆ. ಬಾಳಿನ ಅರ್ಥವನ್ನು ಇತರರು ಹೇಳಿಕೊಡಲಾಗದು. ರೋಗಿಯು ತಾನೇ ಅದನ್ನು ಕಂಡುಕೊಳ್ಳಲು ಬೇಕಾದ ನೆಮ್ಮದಿಯನ್ನು ಒದಗಿಸಬಹುದು.