ಅಪ್ಪನಿಗೆ ಹೇಳದೆ ಸಹಿ ಹಾಕಲೇ?

ಪ್ರಶ್ನೆ: ನಾವು ಹಾಸನದ ಕಡೆಯವರು. ಕೆನಡಾಕ್ಕೆ ಬಂದು ಒಂಬತ್ತು ವರ್ಷವಾಯಿತು, ಮಿಸಿಸಾಗಾದಲ್ಲಿದ್ದೇವೆ. ಒಬ್ಬಳೇ ಮಗಳು, 12ನೇ ಗ್ರೇಡ್. ಚಿಕ್ಕಂದಿನಿಂದ ಅವಳಿಗೆ ಹಕ್ಕಿಗಳೆಂದರೆ ಪ್ರಾಣ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಕ್ಷಿಗಳ ಅಧ್ಯಯನಕ್ಕೇ ದೊಡ್ಡ ಕೇಂದ್ರ ಇದೆಯಂತೆ, ಅಲ್ಲಿಗೇ ಹೋಗಬೇಕು ಅಂತ ಹಟ. ನಮ್ಮನೆಯವರು ‘ಇಷ್ಟು ದೂರ ಬಂದಿದ್ದೇ ಇವಳ ಓದಿಗೆ, ಇಲ್ಲಿ ಇಲ್ಲದ ಕಾಲೇಜು ಅಲ್ಲೇನಿದೆ’ ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. ಅವತ್ತಿನಿಂದ ಅಪ್ಪ ಮಗಳ ಮಧ್ಯೆ ಮಾತಿಲ್ಲ. ಅವರು ಹೇಳಿದ್ದನ್ನು ಇವಳಿಗೆ, ಇವಳು ಹೇಳಿದ್ದನ್ನು ಅವರಿಗೆ ಮುಟ್ಟಿಸುವುದೇ ನನ್ನ ಕೆಲಸ. ಅಡಕತ್ತರಿಗೆ ಸಿಕ್ಕ ಅಡಕೆಯಂತಾಗಿದ್ದೇನೆ.

ನವೆಂಬರ್ 1ರೊಳಗೆ ‘ಅರ್ಲಿ ಡಿಸಿಷನ್’ ಅಂತ ಅರ್ಜಿ ಹಾಕಬೇಕಂತೆ. ಅದಕ್ಕೆ ತಂದೆ ಅಥವಾ ತಾಯಿಯ ಸಹಿ ಬೇಕು. ‘ಅಪ್ಪನಿಗೆ ಹೇಳಬೇಡಮ್ಮಾ, ನೀನೇ ಹಾಕು, ಸೀಟು ಸಿಕ್ಕಮೇಲೆ ಒಪ್ಪೇ ಒಪ್ತಾರೆ’ ಅಂತಾಳೆ. ಎಸ್‌ಎಟಿ ಪರೀಕ್ಷೆಯ ಫೀಸನ್ನು ನಾನು ಆಗಲೇ ಗುಟ್ಟಾಗಿ ಕಟ್ಟಿದ್ದೇನೆ. ರಾತ್ರಿ ಅವಳು ಕೋಣೆಯಲ್ಲಿ ಅಳುವುದು ಕೇಳುತ್ತದೆ. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದರೆ ‘ನಿಮ್ಮ ಮಗಳು ಎಲ್ಲೆಲ್ಲಿಗೆ ಹಾಕ್ತಿದಾಳೆ’ ಅನ್ನುವುದೇ ಮಾತು. ಊರಿನ ಜಮೀನಿನ ಕಾರಣಕ್ಕೆ ನಮ್ಮ ಮೂವರದೂ ಇನ್ನೂ ಭಾರತದ ಪಾಸ್‌ಪೋರ್ಟೇ, ಇಲ್ಲಿ ಪಿಆರ್ (ಕಾಯಂ ನಿವಾಸಿಗಳು). ನಾನು ಸಹಿ ಹಾಕಲೇ?
— ಹೆಸರು ಬೇಡ, ಮಿಸಿಸಾಗಾ

ಉತ್ತರ: ನಿಮ್ಮ ಕಾಗದ ಓದುತ್ತ ನನಗೆ ನಿಮ್ಮ ದಣಿವೇ ಎದ್ದು ಕಂಡಿತು. ಮನೆಯಲ್ಲಿರುವವರು ಮೂರೇ ಜನ. ಅದರಲ್ಲಿ ಇಬ್ಬರು ಮಾತು ಬಿಟ್ಟರೆ ಮೂರನೆಯವರಿಗೆ ಎಲ್ಲಿ ಕೂತರೂ ನೆಮ್ಮದಿ ಇರುವುದಿಲ್ಲ. ಒಬ್ಬರ ಸಿಟ್ಟನ್ನು ಮೆತ್ತಗೆ ಮಾಡಿ ಇನ್ನೊಬ್ಬರಿಗೆ ದಾಟಿಸುವ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ಅದು ಮನುಷ್ಯರನ್ನು ಹಿಂಡಿಬಿಡುತ್ತದೆ. ಅದರ ಮೇಲೆ ‘ಇವಳಿಗೋಸ್ಕರವೇ ಊರು ಬಿಟ್ಟು ಬಂದು ಈಗ ಇವಳಿಗೇ ಬೇಡ ಅನ್ನುತ್ತಿದ್ದೇವಲ್ಲ’ ಎಂಬ ಸಂಕಟ ಬೇರೆ. ನಿಮಗೆ ಹೀಗೆ ಅನ್ನಿಸುತ್ತಿರುವುದರಲ್ಲಿ ತಪ್ಪೇನೂ ಇಲ್ಲ. ವಲಸೆ ಹೋದ ಎಷ್ಟೋ ತಾಯಂದಿರು ಇದೇ ಸಂಕಟವನ್ನು ನನಗೆ ಬರೆಯುತ್ತಾರೆ.

ಸಹಿಗೆ ಗಡುವಿರುವುದರಿಂದ ಅದರ ಮಾತು ಮೊದಲು. ಯಜಮಾನರಿಗೆ ತಿಳಿಯದೆ ಹಾಕಬೇಡಿ.

ಅರ್ಲಿ ಡಿಸಿಷನ್ ಎಂದರೆ ಬೇಗ ಅರ್ಜಿ ಹಾಕುವುದು ಅಷ್ಟೇ ಎಂದು ಅನೇಕರು ತಿಳಿದಿದ್ದಾರೆ. ಅದು ಒಂದು ಒಪ್ಪಂದ. ವಿದ್ಯಾರ್ಥಿ, ಪೋಷಕರಲ್ಲಿ ಒಬ್ಬರು, ಶಾಲೆಯ ಗೈಡೆನ್ಸ್ ಕೌನ್ಸೆಲರ್ ಮೂವರೂ ಅದಕ್ಕೆ ಸಹಿ ಮಾಡುತ್ತಾರೆ. ಒಂದೇ ಒಂದು ವಿಶ್ವವಿದ್ಯಾಲಯಕ್ಕೆ ಹೀಗೆ ಹಾಕಬಹುದು. ಡಿಸೆಂಬರಿನಲ್ಲಿ ಸೀಟು ಸಿಕ್ಕಿತೆಂದರೆ ಬೇರೆ ಅರ್ಜಿಗಳನ್ನೆಲ್ಲ ಹಿಂದಕ್ಕೆ ಪಡೆದು ಅಲ್ಲಿಗೇ ಸೇರುತ್ತೇವೆ ಎಂದು ಮಾತು ಕೊಟ್ಟಂತೆ. ಅವರು ಕೊಡುವ ನೆರವು ಸಾಲದೆ ಫೀಸು ಕಟ್ಟಲಾಗದಿದ್ದರೆ ಬಿಡುಗಡೆ ಕೇಳಬಹುದು, ನಿಜ. ಆದರೆ ಆ ದಿನ ನಿಮ್ಮ ಮನೆ ಹೇಗಿರುತ್ತದೆ ಎಂದು ಯೋಚಿಸಿ. ಸೀಟು ಸಿಕ್ಕ ಸಂತೋಷದಲ್ಲಿ ಮಗಳು ಕುಣಿಯುತ್ತಿರುತ್ತಾಳೆ, ಅಪ್ಪನಿಗೆ ಸುದ್ದಿ ಮೊದಲ ಸಲ ತಿಳಿಯುತ್ತದೆ, ಅವರು ‘ಆಗುವುದಿಲ್ಲ’ ಅನ್ನುತ್ತಾರೆ. ಕೈಗೆ ಬಂದದ್ದನ್ನು ಅಪ್ಪನೇ ಕಿತ್ತುಕೊಂಡರು ಎಂದು ಅವಳಿಗೆ ಅನ್ನಿಸುತ್ತದೆ, ಹೆಂಡತಿ ಮಗಳು ಸೇರಿ ನನಗೆ ಮೋಸ ಮಾಡಿದರು ಎಂದು ಅವರಿಗೆ. ಈಗ ಕೇಳಿದ ‘ಇಲ್ಲ’ವನ್ನು ಹದಿನೇಳರ ಹುಡುಗಿ ಅತ್ತಾದರೂ ತಾಳಿಕೊಳ್ಳುತ್ತಾಳೆ. ಸೀಟು ಸಿಕ್ಕಮೇಲೆ ಕೇಳಿದ್ದು ವರ್ಷಗಟ್ಟಲೆ ಮನಸ್ಸಿನಲ್ಲಿ ಉಳಿಯುತ್ತದೆ.

ನವೆಂಬರ್ ತಪ್ಪಿತೆಂದು ದಾರಿ ಮುಚ್ಚುವುದಿಲ್ಲ. ಮಾಮೂಲಿ ಅರ್ಜಿಗೆ ಜನವರಿ ಮೊದಲ ದಿನಗಳವರೆಗೆ ಸಮಯವಿರುತ್ತದೆ, ಮಾರ್ಚ್ ಕೊನೆಯ ಹೊತ್ತಿಗೆ ಫಲಿತಾಂಶ ಬರುತ್ತದೆ, ಮೇ 1ರೊಳಗೆ ಉತ್ತರ ಕೊಟ್ಟರೆ ಸಾಕು. ಅಷ್ಟರಲ್ಲಿ ಯಾರು ಎಷ್ಟು ನೆರವು ಕೊಡುತ್ತಾರೆ ಎಂದು ಹೋಲಿಸಿ ನೋಡಬಹುದು. ದುಡ್ಡಿನ ಚಿಂತೆ ಇರುವ ಮನೆಗೆ ಇದೇ ಸರಿಯಾದ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ದುಡ್ಡಿನ ಮಾತನ್ನು ನಿಮ್ಮ ಕಾಗದದಲ್ಲಿ ಯಾರೂ ಆಡಿಲ್ಲ. ಯಜಮಾನರೂ ಆಡಿಲ್ಲ, ಮಗಳೂ ಆಡಿಲ್ಲ, ನೀವೂ ಬರೆದಿಲ್ಲ. ನಾನು ಆಡುತ್ತೇನೆ. ಕಾರ್ನೆಲ್‌ನಲ್ಲಿ ಫೀಸು, ಹಾಸ್ಟೆಲು, ಊಟ, ಪುಸ್ತಕ ಎಲ್ಲ ಸೇರಿ ವರ್ಷಕ್ಕೆ ಈಗ 90 ಸಾವಿರ ಅಮೆರಿಕನ್ ಡಾಲರ್ ದಾಟುತ್ತದೆ. ಕೆನಡಾ ಡಾಲರಿನಲ್ಲಿ ಅದು 1 ಲಕ್ಷ 20 ಸಾವಿರಕ್ಕೂ ಹೆಚ್ಚು, ನಾಲ್ಕು ವರ್ಷಕ್ಕೆ 5 ಲಕ್ಷದ ಹತ್ತಿರ. ಕೆನಡಾದಲ್ಲಿ ಪಿಆರ್ ಇರುವ ಮಗುವಿಗೆ ಪದವಿಯ ಫೀಸು ಸರಾಸರಿ ವರ್ಷಕ್ಕೆ 7 ಸಾವಿರ ಡಾಲರಿನ ಆಸುಪಾಸು. ಕೆನಡಾದವರು ಅಕ್ಕಪಕ್ಕದ ದೇಶದವರಾದರೂ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ವಿದೇಶಿ ವಿದ್ಯಾರ್ಥಿಗಳೇ. ಅಲ್ಲಿನ ಸರ್ಕಾರದ ನೆರವು ಅವರಿಗೆ ಸಿಗುವುದಿಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಡಾರ್ಟ್‌ಮೌತ್, ಆಮ್ಹರ್ಸ್ಟ್‌ನಂಥ ಕೆಲವೇ ಕಡೆ, ಮನೆಯವರ ಕೈಯಲ್ಲಿ ದುಡ್ಡಿದೆಯೇ ಎಂದು ನೋಡದೆ ವಿದೇಶಿಯರನ್ನೂ ಆರಿಸಿ, ಆರಿಸಿದ ಮೇಲೆ ಕೊರತೆಯನ್ನು ತುಂಬಿಕೊಡುತ್ತಾರೆ. ಅಲ್ಲಿ ಸೀಟು ಸಿಗುವುದು ನೂರರಲ್ಲಿ ಹತ್ತು ಜನಕ್ಕೂ ಇಲ್ಲ. ಕಾರ್ನೆಲ್ ಆ ಪಟ್ಟಿಯಲ್ಲಿಲ್ಲ. ಅಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ನೆರವಿನ ಹಣ ಸೀಮಿತ, ನೆರವು ಕೇಳಿದ್ದಾರೆಯೇ ಎಂಬುದನ್ನೂ ಆಯ್ಕೆಯಲ್ಲಿ ನೋಡುತ್ತಾರೆ. ಹಾಗೆಂದು ಕೇಳದೆ ಸುಮ್ಮನಿರಲೂ ಆಗದು. ಮೊದಲ ಅರ್ಜಿಯಲ್ಲಿ ನೆರವು ಕೇಳದ ವಿದೇಶಿ ವಿದ್ಯಾರ್ಥಿ ಮುಂದೆ ಕೇಳುವಂತಿಲ್ಲ ಎಂಬ ನಿಯಮ ಹಲವು ವಿಶ್ವವಿದ್ಯಾಲಯಗಳಲ್ಲಿದೆ.

ಈ ಲೆಕ್ಕ ನಿಮ್ಮ ಯಜಮಾನರಿಗೆ ಗೊತ್ತಿರಬೇಕೆಂದು ನನ್ನ ಊಹೆ. ‘ಇಲ್ಲಿ ಇಲ್ಲದ ಕಾಲೇಜು ಅಲ್ಲೇನಿದೆ’ ಎಂಬ ಮಾತಿನ ಅಡಿಯಲ್ಲಿ ‘ಅಷ್ಟು ದುಡ್ಡು ನನ್ನ ಹತ್ತಿರ ಇಲ್ಲ’ ಎಂಬ ಮಾತು ಇರಬಹುದು. ನಮ್ಮ ಅಪ್ಪಂದಿರು ಮಕ್ಕಳೆದುರು ಸಂಬಳ, ಸಾಲ, ಮಾರ್ಟ್‌ಗೇಜ್ ಕಂತಿನ ಸುದ್ದಿ ಎತ್ತುವುದಿಲ್ಲ. ಓದುವ ಮಗುವಿಗೆ ಯಾಕೆ ಈ ಚಿಂತೆ ಎಂಬ ಅಕ್ಕರೆ ಅದು. ಜೊತೆಗೆ, ಒಬ್ಬಳೇ ಮಗಳ ಆಸೆಗೆ ‘ನನ್ನ ಕೈಲಾಗದು’ ಎಂದು ಬಾಯಿಬಿಟ್ಟು ಹೇಳುವುದು ಯಾವ ತಂದೆಗೂ ಸುಲಭವಲ್ಲ. ಅದಕ್ಕೆ ಬದಲು ಕಾಲೇಜನ್ನೇ ಬೇಡವೆಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಮಗಳಿಗೆ ಮಾತ್ರ ಅದು ಹಾಗೆ ಕೇಳಿಸುವುದಿಲ್ಲ. ಕಾರಣ ಹೇಳದ ‘ಬೇಡ’ ಅವಳ ಕಿವಿಗೆ ‘ನಿನ್ನ ಮೇಲೆ ನನಗೆ ನಂಬಿಕೆಯಿಲ್ಲ’ ಎಂದಾಗಿ ಬೀಳುತ್ತದೆ. ರಾತ್ರಿಯ ಅಳು ಕಾರ್ನೆಲ್‌ಗಾಗಿ ಇರುವಷ್ಟೇ ಅಪ್ಪನಿಗಾಗಿಯೂ ಇರಬಹುದು.

ಆದ್ದರಿಂದ ಮೊದಲು ನೀವಿಬ್ಬರೇ ಕೂತುಕೊಳ್ಳಿ, ಮಗಳು ಮನೆಯಲ್ಲಿ ಇಲ್ಲದ ಹೊತ್ತು ನೋಡಿ. ಪರೀಕ್ಷೆಯ ಫೀಸು ಗುಟ್ಟಾಗಿ ಕಟ್ಟಿದ್ದನ್ನು ಮೊದಲೇ ಹೇಳಿಬಿಡಿ, ಮಗಳು ಸಹಿ ಕೇಳಿದ್ದನ್ನೂ ಹೇಳಿ. ಅವರು ಸಿಟ್ಟಾಗಬಹುದು. ಆಗಲಿ, ಉತ್ತರ ಕೊಡಲು ಅವಸರ ಮಾಡಬೇಡಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: ‘ಅವಳ ಓದಿಗೆ ವರ್ಷಕ್ಕೆ ನಾವು ಎಷ್ಟು ಕೊಡಬಲ್ಲೆವು?’ ಆರ್‌ಇಎಸ್‌ಪಿಯಲ್ಲಿ (ಮಕ್ಕಳ ಓದಿಗೆಂದಿರುವ ಉಳಿತಾಯ ಯೋಜನೆ) ಕೂಡಿಟ್ಟಿದ್ದರೆ ಅದನ್ನು ಅಮೆರಿಕದ ಮಾನ್ಯ ವಿಶ್ವವಿದ್ಯಾಲಯಕ್ಕೂ ಬಳಸಬಹುದು. ಒಂಟಾರಿಯೊ ಸರ್ಕಾರದ ಓಎಸ್‌ಎಪಿ ಸಾಲವೂ ಹೊರದೇಶದ ಮಾನ್ಯ ಸಂಸ್ಥೆಗಳಿಗೆ ಸಿಗಬಹುದು. ಅದನ್ನೆಲ್ಲ ಕೂಡಿ, ನಿಮ್ಮ ಮುಪ್ಪಿಗೆ ಇಟ್ಟದ್ದನ್ನು ಮುಟ್ಟದೆ, ಒಂದು ಮೊತ್ತಕ್ಕೆ ಬನ್ನಿ. ಊರಿನ ಜಮೀನು ಮಾರಿದರಾಯಿತು ಎಂಬ ಮಾತು ಬಂದರೆ ಅಲ್ಲೇ ನಿಲ್ಲಿಸಿ. ಬ್ಯಾಚುಲರ್ ಡಿಗ್ರಿಯೊಂದಕ್ಕೆ ಜಮೀನು ಮಾರುವುದನ್ನು ನಾನು ಒಪ್ಪಲಾರೆ. ಮಾರಿದ ಭಾರವನ್ನು ಆ ಮಗು ನಾಲ್ಕು ವರ್ಷವೂ ಬೆನ್ನ ಮೇಲೆ ಹೊತ್ತು ಓದಬೇಕಾಗುತ್ತದೆ.

ಆ ಮೊತ್ತವನ್ನು ಮಗಳಿಗೆ ಅಪ್ಪನೇ ಹೇಳಬೇಕು, ನೀವಲ್ಲ. ಮಾತು ಮುಟ್ಟಿಸುವ ಕೆಲಸವನ್ನು ಇಲ್ಲಿಗೆ ಬಿಟ್ಟುಬಿಡಿ. ‘ವರ್ಷಕ್ಕೆ ನನ್ನಿಂದ ಇಷ್ಟಾಗುತ್ತದೆ. ಇದರೊಳಗೆ ಬರುವ ಯಾವ ವಿಶ್ವವಿದ್ಯಾಲಯವಾದರೂ ಸರಿ, ಯಾವ ದೇಶವಾದರೂ ಸರಿ’ ಎಂದು ಅವರ ಬಾಯಿಂದ ಬಂದರೆ ಅದು ದೊಡ್ಡ ಮಾತು. ಹದಿನೇಳು ವರ್ಷದವರಿಗೆ ಲೆಕ್ಕ ಅರ್ಥವಾಗುತ್ತದೆ. ಮನೆಯ ಸ್ಥಿತಿ ತಿಳಿಸಿದರೆ ಮಕ್ಕಳು ಕುಗ್ಗುತ್ತಾರೆಂದು ನಾವು ಹೆದರುತ್ತೇವೆ, ಆದರೆ ಬಹಳ ಮಕ್ಕಳು ‘ನನ್ನನ್ನು ದೊಡ್ಡವಳೆಂದು ನಂಬಿ ಹೇಳಿದರು’ ಎಂದುಕೊಳ್ಳುತ್ತಾರೆ.

ಅಪ್ಪನೂ ಅವಳ ಮಾತು ಕೇಳಲಿ. ಅವಳ ಆಸೆ ಹೆಸರಿನ ಮೋಹವಲ್ಲ. ಕಾರ್ನೆಲ್‌ನ ಪಕ್ಷಿ ಅಧ್ಯಯನ ಕೇಂದ್ರ 1915ರಲ್ಲಿ ಶುರುವಾದದ್ದು. ಕೂಗು ಕೇಳಿ ಹಕ್ಕಿಯ ಹೆಸರು ಹೇಳುವ ಮರ್ಲಿನ್ ಆ್ಯಪ್ ಅಲ್ಲಿಯದೇ. ಕರ್ನಾಟಕದ ಕೆರೆದಂಡೆಗಳಲ್ಲಿ ನಿಂತು ಹಕ್ಕಿ ಎಣಿಸುವ ನಮ್ಮ ಹುಡುಗರು ಪಟ್ಟಿ ಸೇರಿಸುವ ಇ-ಬರ್ಡ್ ಕೂಡ ಅಲ್ಲಿಯದೇ. ಹಕ್ಕಿಗಳ ಬಗ್ಗೆ ನಿಜವಾದ ಪ್ರೀತಿಯಿರುವ ಹುಡುಗಿ ಅತ್ತ ನೋಡಿದ್ದು ಸಹಜ. ‘ಅಲ್ಲಿ ನಿನಗೆ ಏನು ಕಲಿಯಬೇಕು ಅಂತಿದೆ, ಹೇಳು ಮಗಳೇ’ ಎಂದು ಅಪ್ಪ ಒಮ್ಮೆ ಕೇಳಿದರೆ ಅರ್ಧ ಜಗಳ ಅಲ್ಲೇ ಕರಗೀತು.

ಅವಳು ಕಲಿಯಬೇಕೆಂದಿರುವುದು ನಿಮ್ಮ ಆಸುಪಾಸಿನಲ್ಲೂ ಇದೆ. ಒಂಟಾರಿಯೊದ ಲಂಡನ್ ಪಟ್ಟಣದ ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಹಕ್ಕಿಗಳ ಸಂಶೋಧನೆಗೇ ಮೀಸಲಾದ ಕೇಂದ್ರವಿದೆ. ಹಕ್ಕಿ ಎತ್ತರದಲ್ಲಿ ಹೇಗೆ ಹಾರುತ್ತದೆಂದು ನೋಡಲು ಅಲ್ಲಿ ಗಾಳಿಸುರಂಗವನ್ನೇ ಕಟ್ಟಿದ್ದಾರೆ. ಗ್ವೆಲ್ಫ್‌ನಲ್ಲಿ ಪ್ರಾಣಿಶಾಸ್ತ್ರ ಓದಬಹುದು, ನಿಮ್ಮ ಮನೆಯಿಂದ ಒಂದು ಗಂಟೆಯ ದಾರಿ. ಈರಿ ಸರೋವರದ ದಡದ ಲಾಂಗ್ ಪಾಯಿಂಟ್‌ನಲ್ಲಿ ಈಗ ಬರ್ಡ್ಸ್ ಕೆನಡಾ ಸಂಸ್ಥೆ ನಡೆಸುವ ಕೇಂದ್ರ 1960ರಿಂದ ವಲಸೆ ಹಕ್ಕಿಗಳಿಗೆ ಉಂಗುರ ತೊಡಿಸುತ್ತಿದೆ, ಸ್ವಯಂಸೇವಕರನ್ನೂ ಸೇರಿಸಿಕೊಳ್ಳುತ್ತದೆ. ಒಂದು ಶನಿವಾರ ಅಪ್ಪನೇ ಕಾರಿನಲ್ಲಿ ಕರೆದುಕೊಂಡು ಹೋಗಲಿ. ಇಲ್ಲಿ ಪದವಿ ಮುಗಿಸಿದವರು ಮುಂದೆ ಕಾರ್ನೆಲ್‌ನಲ್ಲೇ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ವಿಜ್ಞಾನದ ಪಿಎಚ್‌ಡಿಗೆ ಸೇರಿದವರ ಫೀಸನ್ನು ಅಲ್ಲಿ ವಿಶ್ವವಿದ್ಯಾಲಯವೇ ನೋಡಿಕೊಂಡು ತಿಂಗಳಿಗಿಷ್ಟು ಸ್ಟೈಪೆಂಡ್ ಕೊಡುವುದು ವಾಡಿಕೆ. ಇದನ್ನೆಲ್ಲ ಅವಳ ಬಾಯಿ ಮುಚ್ಚಿಸಲು ಹೇಳಬೇಡಿ. ಅವಳೇ ಹುಡುಕಿ, ಪ್ರಾಧ್ಯಾಪಕರಿಗೆ ಬರೆದು ಕೇಳಿ ನೋಡಲಿ. ಅಮೆರಿಕದ ಚಿಂತೆಯಲ್ಲಿ ಒಂಟಾರಿಯೊದ ಅರ್ಜಿ ಮರೆಯದಿರಲಿ, ಅದು ಜನವರಿ ಮಧ್ಯದೊಳಗೆ ಹೋಗಬೇಕು.

ಪಾಸ್‌ಪೋರ್ಟ್ ವಿಚಾರವನ್ನು ನೀವು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಅದು ಸಣ್ಣದಲ್ಲ. ಕೆನಡಾದ ಪೌರರಿಗೆ ಅಮೆರಿಕದಲ್ಲಿ ಓದಲು ವೀಸಾ ಬೇಕಿಲ್ಲ, ವಿಶ್ವವಿದ್ಯಾಲಯ ಕೊಡುವ ಐ-20 ಪತ್ರ ಮತ್ತು ವಿದೇಶಿ ವಿದ್ಯಾರ್ಥಿಗಳ ನೋಂದಣಿಯ ಸೆವಿಸ್ ಶುಲ್ಕದ ರಸೀತಿ ಇದ್ದರೆ ಗಡಿಯಲ್ಲಿ ತೋರಿಸಿ ಹೋಗಬಹುದು. ಭಾರತದ ಪಾಸ್‌ಪೋರ್ಟ್ ಇರುವ ಪಿಆರ್‌ಗೆ ಎಫ್-1 ವಿದ್ಯಾರ್ಥಿ ವೀಸಾ ಬೇಕು, ಕಾನ್ಸುಲೇಟಿನಲ್ಲಿ ಸಂದರ್ಶನವೂ ಇರುತ್ತದೆ. ಪಿಆರ್ ಉಳಿಯಬೇಕಾದರೆ ಐದು ವರ್ಷದಲ್ಲಿ 730 ದಿನ ಕೆನಡಾದಲ್ಲಿರಬೇಕು. ರಜೆಗೆಲ್ಲ ಮನೆಗೆ ಬರುತ್ತಿದ್ದರೆ ಓದುವಷ್ಟು ಕಾಲ ತೊಂದರೆಯಾಗದಿರಬಹುದು, ಓದು ಮುಗಿದು ಅಲ್ಲೇ ಕೆಲಸಕ್ಕೆ ನಿಂತರೆ ಲೆಕ್ಕ ತಪ್ಪುತ್ತದೆ. ಕೆನಡಾದವರಿಗೆ ಸುಲಭವಾಗಿ ಸಿಗುವ ಟಿಎನ್ ಕೆಲಸದ ಅನುಮತಿಯೂ ಪೌರರಿಗೆ ಮಾತ್ರ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲವಾದ್ದರಿಂದ ಕೆನಡಾದ ಪೌರತ್ವ ಪಡೆಯುವುದು ಭಾವನೆಯ ವಿಷಯವೂ ಹೌದು. ಮಗಳ ಪೌರತ್ವದ ಅರ್ಜಿಯನ್ನು ನಿಮ್ಮದರಿಂದ ಬೇರೆಯಾಗಿ ಹಾಕಲು ಅವಕಾಶವಿದೆ. ಪರವಾನಗಿ ಇರುವ ವಲಸೆ ಸಲಹೆಗಾರರನ್ನೋ ವಕೀಲರನ್ನೋ ಕಂಡು ಕೇಳಿ. ವಾಟ್ಸ್‌ಆ್ಯಪ್ ಗುಂಪಿನ ಮಾತು ನಂಬಿ ತೀರ್ಮಾನಿಸಬೇಡಿ.

ರಾತ್ರಿಯ ಅಳುವನ್ನು ‘ಪರೀಕ್ಷೆಯ ಟೆನ್ಶನ್’ ಎಂದು ಬಿಡಬೇಡಿ. ಪಕ್ಕದಲ್ಲಿ ಕೂತು, ‘ಕೇಳಿಸಿತು ಮಗಳೇ, ಏನಾಗ್ತಿದೆ’ ಎಂದು ನೇರವಾಗಿ ಕೇಳಿ. ಊಟ, ನಿದ್ದೆ ಕೆಟ್ಟು ಎರಡು ವಾರ ದಾಟಿದರೆ ಫ್ಯಾಮಿಲಿ ಡಾಕ್ಟರಿಗೆ ತೋರಿಸಿ. ನಿಮ್ಮ ಹತ್ತಿರ ಹೇಳಲಾಗದ್ದನ್ನು ಅವಳು ಕಿಡ್ಸ್ ಹೆಲ್ಪ್ ಫೋನ್‌ಗೆ, 686868ಕ್ಕೆ ಮೆಸೇಜು ಮಾಡಿ ಹೇಳಿಕೊಳ್ಳಬಹುದು. ಬದುಕೇ ಬೇಡ ಎಂಬಂಥ ಮಾತು ಅವಳಿಂದ ಬಂದರೆ ಕಾಯಬೇಡಿ, 988ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಶಾಲೆಯ ಗೈಡೆನ್ಸ್ ಕೌನ್ಸೆಲರನ್ನು ಮೂವರೂ ಒಟ್ಟಿಗೆ ಹೋಗಿ ಕಾಣಿ. ಮೂರನೆಯವರೊಬ್ಬರು ಎದುರಿಗಿದ್ದರೆ ಅಪ್ಪ ಮಗಳು ಇಬ್ಬರ ದನಿಯೂ ತಾನಾಗಿ ತಗ್ಗುತ್ತದೆ.

ಸಂಘದ ಕಾರ್ಯಕ್ರಮದಲ್ಲಿ ಕೇಳಿದವರಿಗೆ ‘ಇನ್ನೂ ಯೋಚಿಸುತ್ತಿದ್ದೇವೆ’ ಎಂದರೆ ಸಾಕು. ಇದನ್ನು ಓದುತ್ತಿರುವ ಉಳಿದವರಲ್ಲೂ ನನ್ನದೊಂದು ಕೋರಿಕೆ: 12ನೇ ಗ್ರೇಡಿನ ಮಕ್ಕಳನ್ನು ಈ ಚಳಿಗಾಲ ಮುಗಿಯುವವರೆಗೆ ಎಲ್ಲಿಗೆ ಹಾಕಿದ್ದೀಯ, ಎಲ್ಲಿ ಸಿಕ್ಕಿತು ಎಂದು ಕೇಳಬೇಡಿ.

ನೀವು ಇವತ್ತೇ ಮಗಳಿಗೆ ಹೇಳಬೇಕಾದ ಮಾತು ಒಂದಿದೆ: ‘ಅಪ್ಪನಿಗೆ ಗೊತ್ತಿಲ್ಲದೆ ಸಹಿ ಹಾಕುವುದಿಲ್ಲ. ಆದರೆ ಈ ಭಾನುವಾರ ಅಪ್ಪ ನಿನ್ನ ಮಾತು ಪೂರ್ತಿ ಕೇಳುವ ಹಾಗೆ ಮಾಡುತ್ತೇನೆ.’ ಭಾನುವಾರಕ್ಕೆ ಮುಂಚೆ ಈ ಪುಟವನ್ನು ಯಜಮಾನರಿಗೂ ಓದಲು ಕೊಡಿ.