ಅಡಿಕೆಯ ಗೊನೆಯೂ ಡ್ರೋನಿನ ಉದ್ಯಮವೂ

ಮುಂಗಾರು ಕಾಲಿಡುವುದಕ್ಕೆ ಕೆಲವು ದಿನಗಳಿರುವಾಗಲೇ ಕಡಬ ತಾಲೂಕಿನ ಕೋಡಿಂಬಾಳದಂಥ ಊರುಗಳಲ್ಲಿ ಅಡಿಕೆಯ ಕೃಷಿಕನಿಗೆ ಒಂದು ಚಿಂತೆ ಹತ್ತುತ್ತದೆ. ಮೈಲುತುತ್ತನ್ನೂ ಸುಣ್ಣವನ್ನೂ ಪೇಟೆಯಿಂದ ತಂದಿರಿಸಬಹುದು. ಆದರೆ ಮರವೇರಿ ಮದ್ದು ಬಿಡುವವರು ಸಿಗುವರೋ ಇಲ್ಲವೋ? ಹದಿನೈದು ಮೀಟರಿಗೂ ಮೀರಿ ಬೆಳೆದ ಮರ, ಮಳೆಯಲ್ಲಿ ನೆನೆದು ಪಾಚಿಗಟ್ಟಿದ ಕಾಂಡ, ಕಾಲಿಗೆ ಒಂದು ತಳೆ. ಕೈ ಜಾರಿದರೆ ಸೊಂಟವೋ ಪ್ರಾಣವೋ ಹೋದಂತೆಯೇ. ಈ ವಿದ್ಯೆಯನ್ನು ಬಲ್ಲವರಿಗೆ ವಯಸ್ಸಾಗುತ್ತ ಬಂದಿದೆ. ಅವರ ಮಕ್ಕಳು ಈ ಕೆಲಸಕ್ಕೆ ಬರಲೊಲ್ಲರು. ಬರಬೇಕೆಂದು ಹೇಳುವ ಅಧಿಕಾರವೂ ನಮಗಿಲ್ಲ.

ಈ ಕೊರತೆಯನ್ನು ಡ್ರೋನು ತುಂಬೀತೆ, ತುಂಬುವುದಾದರೆ ನಮ್ಮ ತರುಣರಿಗೆ ಅದರಿಂದ ಒಂದು ಉದ್ಯಮ ಹುಟ್ಟೀತೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಮೊದಲು ರೋಗವನ್ನು ಅರಿಯಬೇಕು. ಎಡೆಬಿಡದ ಮಳೆಯಲ್ಲಿ ಎಳೆಯ ಕಾಯಿಗಳ ಮೇಲೆ ನೀರು ಹೀರಿದಂಥ ಕಲೆಗಳೆದ್ದು, ಅವು ಕೊಳೆತು ಉದುರುವುದನ್ನು ಕೊಳೆರೋಗ ಅಥವಾ ಮಹಾಳಿ ಎನ್ನುತ್ತಾರೆ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನಲ್ಲಿ ಇದನ್ನು ಅಭ್ಯಾಸ ಮಾಡಿ, ಫೈಟಾಫ್ತೋರಾ ಎಂಬ ಸೂಕ್ಷ್ಮಜೀವಿಯೇ ಕಾರಣವೆಂದು 1910ರಲ್ಲಿ ವಿವರಿಸಿದರು. ಅದಕ್ಕೆ ಮದ್ದು ಬೋರ್ಡೋ ದ್ರಾವಣ. ಫ್ರಾನ್ಸಿನ ದ್ರಾಕ್ಷಿತೋಟಗಳಿಗಾಗಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞರು 1885ರಲ್ಲಿ ಲೋಕಕ್ಕೆ ತಿಳಿಸಿದ ಮಿಶ್ರಣವಿದು: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಮಳೆಗೆ ಮುನ್ನ ಒಮ್ಮೆ, ಬಳಿಕ 40–45 ದಿನಗಳಿಗೆ ಇನ್ನೊಮ್ಮೆ ಇದನ್ನು ಸಿಂಪಡಿಸುವರು. ಇದು ರೋಗವನ್ನು ಗುಣಪಡಿಸುವುದಕ್ಕಿಂತ ತಡೆಯುವ ಮದ್ದು. ಆದುದರಿಂದ ಕಾಯಿಯ ಮೈಮೇಲೆ ಪದರವಾಗಿ ಕುಳಿತಿರಲೇಬೇಕು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಇನ್ನು ಯಂತ್ರ. ತೋಟಗಳಲ್ಲಿ ಬಳಸುವ ಡ್ರೋನಿಗೆ ಸಾಮಾನ್ಯವಾಗಿ ನಾಲ್ಕೋ ಆರೋ ಪಂಖಗಳು, ಹತ್ತು ಲೀಟರಿನ ಒಂದು ತೊಟ್ಟಿ. ದ್ರವವೂ ಸೇರಿ ತೂಕ 25 ಕಿಲೋಗ್ರಾಮು ಎಂದು ಹಿಡಿಯಿರಿ. ಇಷ್ಟು ಭಾರವನ್ನು ಗಾಳಿಯಲ್ಲಿ ನಿಲ್ಲಿಸಬೇಕಾದರೆ ಅಷ್ಟೇ ಬಲದಿಂದ ಗಾಳಿಯನ್ನು ಕೆಳಕ್ಕೆ ತಳ್ಳುತ್ತಿರಬೇಕು. ನ್ಯೂಟನ್ನನ ಮೂರನೆಯ ನಿಯಮ ಇಲ್ಲಿ ಪುಸ್ತಕದಿಂದೆದ್ದು ತೋಟಕ್ಕೆ ಬಂದಿದೆ. ಮುಕ್ಕಾಲು ಮೀಟರು ವ್ಯಾಸದ ಆರು ಪಂಖಗಳಿದ್ದರೆ, ಅವುಗಳ ಮೂಲಕ ಗಾಳಿಯು ಸೆಕೆಂಡಿಗೆ ಸುಮಾರು ಆರು ಮೀಟರು ವೇಗದಲ್ಲಿ ಕೆಳಗಿಳಿಯುತ್ತದೆಂದು ಲೆಕ್ಕದಿಂದ ಕಾಣಬಹುದು. ಇದಕ್ಕೆ ತಗಲುವ ಶಕ್ತಿ ಎರಡೂವರೆ ಮೂರು ಕಿಲೋವಾಟು. 44 ವೋಲ್ಟಿನ, 16 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವುದು ಸುಮಾರು 700 ವಾಟ್-ಗಂಟೆ. ಭಾಗಿಸಿ ನೋಡಿದರೆ ಉಳಿಯುವ ಹಾರಾಟ ಕಾಲು ಗಂಟೆಯ ಆಚೀಚೆ. ಅಷ್ಟರಲ್ಲೇ ಏರಬೇಕು, ಸಿಂಪಡಿಸಬೇಕು, ಬ್ಯಾಟರಿ ಪೂರ್ತಿ ಬರಿದಾಗುವ ಮುಂಚೆ ಇಳಿಯಬೇಕು.

ಈಗ ತೊಡಕಿಗೆ ಬರೋಣ. 2.7 ಮೀಟರು ಅಂತರದಲ್ಲಿ ನೆಟ್ಟರೆ ಒಂದು ಹೆಕ್ಟೇರಿನಲ್ಲಿ ಸುಮಾರು 1370 ಮರಗಳು. ಮರಕ್ಕೆ ಒಂದೇ ಲೀಟರು ಎಂದರೂ ಹತ್ತು ಲೀಟರಿನ ತೊಟ್ಟಿಯನ್ನು 137 ಬಾರಿ ತುಂಬಬೇಕು! ಆದ್ದರಿಂದ ಡ್ರೋನು ತೋಯಿಸಿ ಸಿಂಪಡಿಸುವ ಯಂತ್ರವಲ್ಲ. ಸ್ವಲ್ಪವೇ ದ್ರವವನ್ನು ಅತಿ ಸಣ್ಣ ಹನಿಗಳಾಗಿ ಹಂಚುವ ಯಂತ್ರ. ಸುಣ್ಣದ ಕಣಗಳುಳ್ಳ ಬೋರ್ಡೋ ದ್ರಾವಣವೋ ಅದರ ಸಣ್ಣ ಮೂತಿಗಳನ್ನು ಕಟ್ಟಿಸಿಬಿಡಬಹುದು. ಅದಕ್ಕಿಂತ ದೊಡ್ಡ ತೊಡಕು ಮರದ ರಚನೆಯಲ್ಲಿಯೇ ಇದೆ. ಡ್ರೋನು ಮೇಲಿನಿಂದ ಸುರಿಯುತ್ತದೆ. ಗೊನೆ ಇರುವುದು ಸೋಗೆಗಳ ಕೆಳಗೆ, ಕಾಂಡಕ್ಕೆ ಅಂಟಿಕೊಂಡು. ಪಂಖದ ಗಾಳಿ ಸೋಗೆಗಳನ್ನು ಅಲುಗಿಸಿ ಒಂದಿಷ್ಟು ದಾರಿ ಮಾಡಿಕೊಟ್ಟರೂ ಬಹುಪಾಲು ಹನಿಗಳು ಎಲೆಯ ಮೇಲೆಯೇ ನಿಲ್ಲುವ ಸಂಭವವುಂಟು. ನೆಲದ ಮೇಲೆಯೇ ನಿಂತು ಗೊನೆಗೆ ನೇರವಾಗಿ ಮದ್ದು ಬಿಡುವ ಇಂಗಾಲದ ನಾರಿನ ಉದ್ದನೆಯ ದೋಟಿಗಳೂ ಈಗ ಬಳಕೆಗೆ ಬಂದಿವೆ. ಕೊಳೆರೋಗದ ಮಟ್ಟಿಗೆ ಡ್ರೋನು ಗೆಲ್ಲಬೇಕಾದುದು ಈ ದೋಟಿಯನ್ನು.

ಹಾಗೆಂದು ಕೈಬಿಡಬೇಕಾಗಿಲ್ಲ. ಈಚಿನ ವರ್ಷಗಳಲ್ಲಿ ಮಲೆನಾಡನ್ನೂ ದಕ್ಷಿಣ ಕನ್ನಡವನ್ನೂ ಕಾಡುತ್ತಿರುವ ಎಲೆಚುಕ್ಕಿ ರೋಗ ತಗಲುವುದು ಮುಖ್ಯವಾಗಿ ಸೋಗೆಗೆ. ಇಲ್ಲಿ ಮೇಲಿನಿಂದ ಬೀಳುವ ಹನಿ ಬೀಳಬೇಕಾದಲ್ಲಿಯೇ ಬೀಳುತ್ತದೆ. ಕಡಬ, ಸುಳ್ಯಗಳ ರಬ್ಬರು ತೋಟಗಳಲ್ಲಿ ಮಳೆಗಾಲದಲ್ಲಿ ಎಲೆ ಉದುರಿಸುವುದು ಕೂಡ ಫೈಟಾಫ್ತೋರಾ ಕುಲದ್ದೇ ಜೀವಿ. ಕೇರಳದ ದೊಡ್ಡ ರಬ್ಬರು ತೋಟಗಳಲ್ಲಿ ಇದಕ್ಕೆ ಹೆಲಿಕಾಪ್ಟರಿನಿಂದ ತಾಮ್ರದ ಮದ್ದು ಸಿಂಪಡಿಸಿದ್ದುಂಟು. ಶತ್ರು ಒಂದೇ ಕುಲದ್ದು, ಆದರೆ ರಬ್ಬರಿನಲ್ಲಿ ಕಾಯಬೇಕಾದುದು ಎಲೆಯನ್ನು, ಅಡಿಕೆಯಲ್ಲಿ ಗೊನೆಯನ್ನು. ಈ ವ್ಯತ್ಯಾಸವನ್ನು ಅರಿಯದವನು ಡ್ರೋನನ್ನು ಎಷ್ಟು ಸೊಗಸಾಗಿ ಹಾರಿಸಿದರೂ ಕೃಷಿಕನ ಹಣವನ್ನು ಗಾಳಿಗೆ ತೂರಿದಂತೆ.

ತರಬೇತಿಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ. 2021ರ ಡ್ರೋನ್ ನಿಯಮಗಳ ಪ್ರಕಾರ 18 ವರ್ಷ ತುಂಬಿ ಹತ್ತನೆಯ ತರಗತಿ ತೇರ್ಗಡೆಯಾದವರು ಅಧಿಕೃತ ಶಾಲೆಯಲ್ಲಿ ಕಲಿತು ದೂರಚಾಲಕರ ಪ್ರಮಾಣಪತ್ರ ಪಡೆಯಬಹುದು. 2 ಕಿಲೋಗ್ರಾಮಿಗೆ ಮೇಲ್ಪಟ್ಟು 25ರವರೆಗಿನದು ‘ಸಣ್ಣ’ ವರ್ಗ. ಹತ್ತು ಲೀಟರಿನ ಯಂತ್ರಗಳು ಬಹುಮಟ್ಟಿಗೆ ಈ ಮೇರೆಯೊಳಗೇ ತೂಗುವಂತೆ ರಚಿತವಾಗಿರುವುದು ಆಕಸ್ಮಿಕವೇನೂ ಅಲ್ಲ. ಹಾರಿಸುವುದನ್ನು ಕೆಲವೇ ದಿನಗಳಲ್ಲಿ ಕಲಿಯಬಹುದು. ಮಹಿಳಾ ಸ್ವಸಹಾಯ ಸಂಘಗಳಿಗಾಗಿ ಕೇಂದ್ರ ಸರಕಾರ 2023ರಲ್ಲಿ ಒಪ್ಪಿದ ‘ನಮೋ ಡ್ರೋನ್ ದೀದಿ’ ಯೋಜನೆಯಲ್ಲಿ 15 ದಿನಗಳ ಶಿಕ್ಷಣವನ್ನು ಗೊತ್ತುಮಾಡಿ, ಅದರಲ್ಲಿ ಹಾರಾಟದೊಡನೆ ಕೃಷಿಯ ಪಾಠವನ್ನೂ ಸೇರಿಸಿದುದು ವಿವೇಕದ ಮಾತು. ನಮ್ಮ ಮಟ್ಟಿಗೆ ಅದೂ ಸಾಲದು. ಗದ್ದೆಯ ಮೇಲೆ ಕಲಿತ ಕೈಗೆ ಅಡಿಕೆಯ ತೋಟ ಬೇರೆಯೇ ಲೋಕ: ಇಳಿಜಾರು ನೆಲ, ಒತ್ತಾದ ಮರಗಳು, ನಡುವೆ ವಿದ್ಯುತ್ ತಂತಿ. ವಿಟ್ಲದಲ್ಲಿ 1956ರಿಂದ ಅಡಿಕೆಯ ಸಂಶೋಧನಾ ಕೇಂದ್ರವೊಂದಿದೆ. ಹಾರಾಟದ ಶಾಲೆಯೂ ಅಂಥ ಕೇಂದ್ರವೂ ಕೈಜೋಡಿಸಿದಾಗಲೇ ಇಲ್ಲಿನ ತರುಣನ ಶಿಕ್ಷಣ ಪೂರ್ತಿಯಾದೀತು.

ಬಂಡವಾಳಕ್ಕೆ ದಾರಿಗಳಿಲ್ಲದಿಲ್ಲ. ಡ್ರೋನ್ ದೀದಿ ಯೋಜನೆಯಲ್ಲಿ ಬೆಲೆಯ ಶೇಕಡ 80ರಷ್ಟು, ಹೆಚ್ಚೆಂದರೆ 8 ಲಕ್ಷ ರೂಪಾಯಿಗಳ ನೆರವು ಗೊತ್ತಾಗಿತ್ತು. 2022ರ ಜನವರಿಯಲ್ಲಿ ಪ್ರಕಟವಾದ ಕೇಂದ್ರದ ಕ್ರಮದಲ್ಲಿ ಬಾಡಿಗೆಗೆ ಯಂತ್ರ ಕೊಡುವ ಕೇಂದ್ರ ತೆರೆಯುವ ಕೃಷಿ ಪದವೀಧರರಿಗೆ ಅರ್ಧ ಬೆಲೆ, 5 ಲಕ್ಷದ ಮಿತಿಯಲ್ಲಿ. ಅದೇ ವರ್ಷದ ಫೆಬ್ರವರಿಯಲ್ಲಿ ಸಿದ್ಧ ಡ್ರೋನುಗಳ ಆಮದನ್ನು ಸರಕಾರ ನಿಷೇಧಿಸಿ, ಬಿಡಿಭಾಗಗಳಿಗೆ ಮಾತ್ರ ಬಾಗಿಲು ತೆರೆದಿಟ್ಟಿತು.

ಆದರೆ ಕೊಳ್ಳುವುದು ಬೇರೆ, ನಡೆಸುವುದು ಬೇರೆ. ಅಡಿಕೆಯ ಮದ್ದಿನ ಕಾಲ ವರ್ಷದಲ್ಲಿ ಕೆಲವೇ ವಾರಗಳು. ಅದರಲ್ಲೂ ಮಳೆ ಬಿಡುವು ಕೊಟ್ಟ ಗಂಟೆಗಳು ಮಾತ್ರ. ಉಳಿದ ತಿಂಗಳುಗಳಲ್ಲಿ ರಬ್ಬರು, ಭತ್ತ, ಭೂಮಾಪನಗಳ ಕೆಲಸವಿಲ್ಲದಿದ್ದರೆ ಸಾಲದ ಕಂತು ನಿಲ್ಲುತ್ತದೆ. ಮಳೆಯ ನಡುವೆ ಪಂಖ ಮುರಿದರೆ ದೂರದ ನಗರಕ್ಕೆ ಕಳುಹಿಸಿ ಕಾಯುವಷ್ಟರಲ್ಲಿ ಆ ಬಿಡುವೇ ಮುಗಿದಿರುತ್ತದೆ. ಆದುದರಿಂದ ಹತ್ತು ಚಾಲಕರಿಗೆ ಒಬ್ಬನಾದರೂ ಮೋಟಾರು, ಬ್ಯಾಟರಿಗಳ ದುರಸ್ತಿ ಬಲ್ಲವನು ಹತ್ತಿರದಲ್ಲಿಯೇ ಬೇಕು. ನಮ್ಮೆಣಿಕೆಯಲ್ಲಿ ಕಡಬ, ಪುತ್ತೂರುಗಳಲ್ಲಿ ನೆಲೆಯೂರಬಹುದಾದ ಉದ್ಯಮ ಇದೇ. ಒಬ್ಬೊಬ್ಬರೇ ಯಂತ್ರ ಕೊಂಡು ಸಾಲಕ್ಕೆ ಬೀಳುವುದಕ್ಕಿಂತ ಸಹಕಾರದ ದಾರಿ ಲೇಸು. ಧಾರಣೆ ಕುಸಿದ ದಿನಗಳಲ್ಲಿ, 1973ರಲ್ಲಿ, ಕ್ಯಾಂಪ್ಕೊ ಕಟ್ಟಿ, ಮುಂದೆ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೂ ನಡೆಸಿದ ಬೆಳೆಗಾರರಿಗೆ ಈ ದಾರಿ ಹೊಸತಲ್ಲ.

ಕಾಲೇಜಿನ ವಿದ್ಯಾರ್ಥಿಗಳು ಒಂದು ಪರೀಕ್ಷೆಯನ್ನು ಈಗಲೇ ಮಾಡಿ ನೋಡಬಹುದು. ನೀರು ತಗಲಿದಲ್ಲಿ ನೀಲಿಯಾಗುವ ಹಳದಿ ಕಾಗದದ ತುಂಡುಗಳು ಸಿಂಪಡಣೆಯ ಪರೀಕ್ಷೆಗೆಂದೇ ದೊರೆಯುತ್ತವೆ. ಪರಿಚಯದ ತೋಟದಲ್ಲಿ, ಮಳೆಯಿಲ್ಲದ ದಿನ, ದೋಟಿಯ ನೆರವಿನಿಂದ ಒಂದನ್ನು ಸೋಗೆಯ ಮೇಲೆ, ಒಂದನ್ನು ಗೊನೆಯ ಮಗ್ಗುಲಲ್ಲಿ ಸಿಕ್ಕಿಸಿ, ಇನ್ನೊಂದನ್ನು ನೆಲದಲ್ಲಿಡಿ. ಪ್ರಮಾಣಪತ್ರವುಳ್ಳ ಚಾಲಕರಿಂದ ಬರಿಯ ನೀರನ್ನು ಸಿಂಪಡಿಸಿಸಿ, ಪ್ರತಿ ಚದರ ಸೆಂಟಿಮೀಟರಿನಲ್ಲಿ ಎಷ್ಟು ನೀಲಿ ಚುಕ್ಕೆಗಳಿವೆಯೆಂದು ಎಣಿಸಿರಿ. ಗೊನೆಯ ಕಾಗದ ಹಳದಿಯಾಗಿಯೇ ಉಳಿದಿದ್ದರೆ ಎತ್ತರವನ್ನೂ ವೇಗವನ್ನೂ ಬದಲಿಸಿ ಇನ್ನೊಮ್ಮೆ ಹಾರಿಸಬೇಕು.