ನೆಲ ನೋಡದೆ ಕೊಂಡ ಮೆಟಡಾರ್

ಬೆಂಗಳೂರಿನ ಹಲಸೂರು ಕೆರೆಯಿಂದ ಐದು ನಿಮಿಷದ ದಾರಿ, ಒಂದು ಬೆಡ್‌ರೂಮಿನ ಮನೆ. ಬಾಡಿಗೆ 18,000 ರೂಪಾಯಿ. ಅಡ್ವಾನ್ಸ್ ಹತ್ತು ತಿಂಗಳದ್ದು, ಅಂದರೆ 1,80,000. 2022ರಲ್ಲಿ ಕರಾರು ನವೀಕರಿಸುವ ಹೊತ್ತು ಬಂದಾಗ ಈ ಅಂಕಣ ಬರೆಯುವಾಕೆ ಮತ್ತು ಆಕೆಯ ಗಂಡ ಒಂದು ರಾತ್ರಿ ಕೂತು ಲೆಕ್ಕ ಹಾಕಿದರು. ಮದುವೆಯಾಗಿ ಮೂರು ವರ್ಷವಾಗಿತ್ತು. ಅಷ್ಟರಲ್ಲಿ ಮನೆ ಮಾಲೀಕರ ಕೈಗೆ ಹೋದದ್ದು ಆರು ಲಕ್ಷಕ್ಕೂ ಹೆಚ್ಚು.

ಕೆ.ಆರ್. ಪುರದಲ್ಲಿ ಆಕೆಯ ದೊಡ್ಡಪ್ಪನ ಮನೆಗೆ ಅಂಟಿಕೊಂಡೇ ಒಂದು ಖಾಲಿ ತರ್ಟಿ ಫಾರ್ಟಿ ಸೈಟು ಇತ್ತು. ಅಲ್ಲಿ ಹಳೆಯ ವ್ಯಾನೊಂದನ್ನು ನಿಲ್ಲಿಸಿ, ಅದನ್ನೇ ಮನೆ ಮಾಡಿಕೊಂಡರೆ ಹೇಗೆ?

ಆ ಯೋಚನೆ ಆಕಾಶದಿಂದ ಉದುರಿದ್ದಲ್ಲ. ತಮಿಳುನಾಡಿನ ಅರುಣ್ ಪ್ರಭು ಎಂಬ ಯುವ ವಾಸ್ತುಶಿಲ್ಪಿ ಆಟೊ ಮೇಲೆ 36 ಚದರಡಿಯ ಮನೆ ಕಟ್ಟಿದ್ದರು. ಅದರಲ್ಲಿ 250 ಲೀಟರ್ ನೀರಿನ ಟ್ಯಾಂಕ್ ಇತ್ತು, 600 ವಾಟ್ ಸೋಲಾರ್ ಪ್ಯಾನೆಲ್ ಇತ್ತು. ಖರ್ಚು ಸುಮಾರು ಒಂದು ಲಕ್ಷ. 2021ರಲ್ಲಿ ಉದ್ಯಮಿ ಆನಂದ್ ಮಹೀಂದ್ರಾ ಅದನ್ನು ಮೆಚ್ಚಿ ಬರೆದ ಮೇಲೆ ಆ ಚಿತ್ರ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ದಂಪತಿ ಆ ಒಂದು ಲಕ್ಷವನ್ನು ಮನಸ್ಸಿನಲ್ಲಿಟ್ಟುಕೊಂಡರು. ನಮ್ಮೂರಿನದೇ ಇನ್ನೊಂದು ಅಂಕಿ ಅವರ ಗಮನಕ್ಕೆ ಬರಲಿಲ್ಲ. 2020ರ ಆಗಸ್ಟ್‌ನಲ್ಲಿ ಕೆಎಸ್‌ಆರ್‌ಟಿಸಿ ಗುಜರಿಗೆ ಹೋಗಬೇಕಿದ್ದ ಬಸ್ಸೊಂದನ್ನು ಮೆಜೆಸ್ಟಿಕ್‌ನಲ್ಲಿ ಮಹಿಳೆಯರ ಶೌಚಾಲಯವಾಗಿ ಪರಿವರ್ತಿಸಿತ್ತು. ಅದಕ್ಕೆ ತಗುಲಿದ್ದು ಸುಮಾರು 12 ಲಕ್ಷ ರೂಪಾಯಿ. ಹಳೆಯ ಗಾಡಿಯ ಬೆಲೆ ಬೇರೆ, ಅದರೊಳಗೆ ಮನುಷ್ಯರು ನೀರು, ಬೆಳಕು, ಗಾಳಿಯೊಂದಿಗೆ ಇರುವಂತೆ ಮಾಡುವ ಬೆಲೆಯೇ ಬೇರೆ.

ಕೊಂಡದ್ದು 1997ರ ಮೆಟಡಾರ್, ಕೆಎ-03 ನೋಂದಣಿಯ ಖಾಸಗಿ ವ್ಯಾನ್. ಬಜಾಜ್ ಟೆಂಪೊ ಕಂಪನಿ 2005ರಲ್ಲಿ ಫೋರ್ಸ್ ಮೋಟರ್ಸ್ ಆಗುವ ಎಷ್ಟೋ ಮೊದಲು ರಸ್ತೆಗಿಳಿದ ಗಾಡಿ. ಬೆಲೆ ಒಂದು ಲಕ್ಷ. ಹೊಸದಾಗಿ ಬಳಿದ ಕೆನೆಬಣ್ಣ ಇಬ್ಬರನ್ನೂ ಸೆಳೆದುಬಿಟ್ಟಿತ್ತು. ಗಾಡಿ ಸೇರಿ ಒಟ್ಟು ಬಜೆಟ್ 2,60,000.

ಶಿವಾಜಿನಗರದ ಟಿಂಕರಿಂಗ್ ಮೇಸ್ತ್ರಿ ನೆಲದ ರಬ್ಬರ್ ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್ ಒತ್ತಿದರು. ಅದು ತಗಡಿನೊಳಗೆ ಬಿಸ್ಕತ್ತಿಗೆ ಇಳಿದಂತೆ ಇಳಿಯಿತು.

"ಮೇಡಂ, ಗಾಡಿ ಮೇಲಿಂದ ನೋಡಿದ್ರಿ. ಕೆಳಗೆ ಬಗ್ಗಿ ನೋಡ್ಬೇಕಿತ್ತು" ಎಂದರು ಅವರು.

ಮಳೆಗಾಲಗಳ ನೀರು ಮ್ಯಾಟ್‌ನಡಿ ನಿಂತು ನಿಂತು ನೆಲವನ್ನು ತಿಂದಿತ್ತು. ತುಕ್ಕಿನ ಮೇಲೆ ಪಟ್ಟಿ ಹೊಡೆದರೆ ಪ್ರಯೋಜನವಿಲ್ಲ. ಗಟ್ಟಿ ಲೋಹ ಸಿಗುವ ತನಕ ಕತ್ತರಿಸಿ ಹೊಸ ತಗಡು ಬೆಸೆಯಬೇಕು. 30,000 ಎಂದುಕೊಂಡಿದ್ದ ಟಿಂಕರಿಂಗ್ 74,000ಕ್ಕೆ ನಿಂತಿತು.

ಎರಡನೆಯ ಪೆಟ್ಟು ಕಾಗದಪತ್ರದ್ದು. ಮಂಚ ಮತ್ತು ಅಡುಗೆ ಕಟ್ಟೆಯ ಪ್ಲೈವುಡ್ ಪೆಟ್ಟಿಗೆಗಳನ್ನು ನೆಲಕ್ಕೆ ಕಾಯಂ ಆಗಿ ಕೂರಿಸಿದ ಮೇಲೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗೊತ್ತಾಯಿತು. ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿನ್ಯಾಸಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅಕ್ರಮ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ವಾಸದ ಕ್ಯಾರವಾನ್‌ಗೆಂದು ಎಐಎಸ್-124 ಎಂಬ ಮಾನದಂಡವೇ ಪ್ರತ್ಯೇಕವಾಗಿದೆ. ಎಂಜಿನ್ ಇಲ್ಲದ ಟ್ರೇಲರ್ ಕೊಂಡರೆ ಇದರಿಂದ ತಪ್ಪಿಸಿಕೊಳ್ಳಬಹುದು ಎನ್ನುವವರೂ ಇದ್ದಾರೆ. ಆದರೆ ಕಾಯ್ದೆಯ ವ್ಯಾಖ್ಯಾನದಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ.

"ವಿಂಟೇಜ್" ಎಂಬ ಪದವೂ ನೆರವಿಗೆ ಬರಲಿಲ್ಲ. 2021ರ ನಿಯಮದಂತೆ ಆ ಹೆಸರಿಗೆ ಗಾಡಿಗೆ 50 ವರ್ಷ ದಾಟಿರಬೇಕು. ನೋಂದಣಿಗೆ 20,000 ರೂಪಾಯಿ, ನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. 25 ವರ್ಷದ ಮೆಟಡಾರ್ ಸಾಮಾನ್ಯ ಹಳೆಯ ಗಾಡಿಯಷ್ಟೇ. 2022ರ ಏಪ್ರಿಲ್‌ನಿಂದ ಇಂಥ ಗಾಡಿಗಳ ಮರುನೋಂದಣಿ ಶುಲ್ಕ 600ರಿಂದ 5,000ಕ್ಕೆ ಏರಿತ್ತು. (2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿನಂಥ ಲಘು ವಾಹನಗಳಿಗೆ ಅದು 10,000.)

ಪೆಟ್ಟಿಗೆಗಳನ್ನು ಕಿತ್ತು, ಸೀಟುಗಳನ್ನು ಮತ್ತೆ ಕೂರಿಸಿ ಮರುನೋಂದಣಿಯ ತಪಾಸಣೆ ಮುಗಿಸಿದರು. ಆಮೇಲೆ ಬಿಚ್ಚಿ ಹೊರಗಿಡಬಹುದಾದ ಪೀಠೋಪಕರಣ ಮಾಡಿಸಿದರು. ಸೀಟುಗಳು ದೊಡ್ಡಪ್ಪನ ತಾರಸಿಯಲ್ಲಿ ಟಾರ್ಪಾಲಿನಡಿ ಸೇರಿದವು. ಒಂದೇ ಮರಗೆಲಸಕ್ಕೆ ಎರಡು ಸಲ ಕೂಲಿ: 22,000 ಹೆಚ್ಚುವರಿ.

ಅಂತಿಮ ಲೆಕ್ಕ ಹೀಗಿತ್ತು. ಗಾಡಿ 1,00,000. ಟಿಂಕರಿಂಗ್ 74,000. ಮರಗೆಲಸ 68,000. ಸೋಲಾರ್, ಬ್ಯಾಟರಿ, ವೈರಿಂಗ್ 62,000. ಎಂಜಿನ್, ಬ್ರೇಕು 49,000. ನೀರಿನ ಟ್ಯಾಂಕ್, ಪಂಪು, ಸಿಂಕು 31,000. ಶಿವಾಜಿನಗರದಲ್ಲಿ ಹೊಲಿಸಿದ ಹಾಸಿಗೆ, ದಿಂಬು, ಪರದೆ 17,000. ಮರುನೋಂದಣಿ, ವಿಮೆ, ಚಿನ್ನದ ಸಾಲದ ಬಡ್ಡಿ 19,000. ಒಟ್ಟು 4,20,000.

ಚಿನ್ನದ ಸಾಲ ಯಾಕೆ ಬಂತು ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಬಾಡಿಗೆ ಮನೆ ಬಿಡುವ ಎಷ್ಟೋ ಕುಟುಂಬಗಳು ಸಿಕ್ಕಿಕೊಳ್ಳುವುದು ಇಲ್ಲೇ. ಅಡ್ವಾನ್ಸ್ ವಾಪಸ್ ಬರುವುದು ಬೀಗದ ಕೈ ಕೊಟ್ಟ ಮೇಲೆ. ಹೊಸ ಮನೆಯ ಖರ್ಚು ಬರುವುದು ಅದಕ್ಕೂ ಮೊದಲು. ಆ ಐದು ತಿಂಗಳ ಅಂತರ ತುಂಬಲು ಬಳೆ ಅಡವಿಟ್ಟು ಒಂದೂವರೆ ಲಕ್ಷ ತಂದರು. ಬಡ್ಡಿ 7,500 ಆಯಿತು. ಮನೆ ಬಿಟ್ಟಾಗ ಪೇಂಟಿಂಗ್ ಲೆಕ್ಕದಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಂಡು 1,62,000 ಕೈಗೆ ಬಂತು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳ ಅಡ್ವಾನ್ಸ್ ಎನ್ನುತ್ತದೆ. ಆದರೆ ರಾಜ್ಯಗಳು ಒಪ್ಪಿ ಜಾರಿ ಮಾಡದೆ ಅದು ಯಾರನ್ನೂ ಕಟ್ಟಿಹಾಕುವುದಿಲ್ಲ.

2022ರ ಡಿಸೆಂಬರ್‌ನಲ್ಲಿ ಅವರು ವ್ಯಾನಿಗೆ ಬಂದರು. "ನಿಮ್ಮ ಹತ್ರ ದುಡ್ಡು ತಗೊಳ್ಳೋದೇನಮ್ಮ" ಎಂದ ದೊಡ್ಡಪ್ಪನನ್ನು ಒಪ್ಪಿಸಿ, ಸೈಟು, ನೀರು, ಕರೆಂಟು, ಬಚ್ಚಲುಮನೆ ಎಲ್ಲಕ್ಕೂ ಸೇರಿ ತಿಂಗಳಿಗೆ 2,800 ಎಂದು ಗೊತ್ತುಮಾಡಿದರು. ಹಲಸೂರಿನಿಂದ ಇಂದಿರಾನಗರದ ಆಫೀಸಿಗೆ ನಡೆದೇ ಹೋಗುತ್ತಿದ್ದ ಗಂಡನಿಗೆ ಈಗ ಪ್ರಯಾಣಕ್ಕೆ 1,200. ಮೊದಲು ಬಸ್ಸು, 2023ರ ಅಕ್ಟೋಬರ್ 9ರಂದು ಬೈಯಪ್ಪನಹಳ್ಳಿ–ಕೆ.ಆರ್. ಪುರ ಮೆಟ್ರೊ ಶುರುವಾದ ಮೇಲೆ ನೇರಳೆ ಮಾರ್ಗ. ಒಟ್ಟು ಖರ್ಚು 4,000, ಉಳಿತಾಯ ತಿಂಗಳಿಗೆ 14,000.

ಏಪ್ರಿಲ್ ಮಧ್ಯಾಹ್ನಗಳಲ್ಲಿ ತಗಡಿನ ಚಾವಣಿ ಕಾದ ಹಂಚಾಗುತ್ತಿತ್ತು. ಮಾಮೂಲಿ ಫ್ಯಾನು 75 ವಾಟ್‌ವರೆಗೆ ಎಳೆದರೆ ಬಿಎಲ್‌ಡಿಸಿ ಫ್ಯಾನು ಮೂವತ್ತರ ಆಸುಪಾಸಿನಲ್ಲೇ ಓಡುತ್ತದೆ ಎಂಬುದು ಬ್ಯಾಟರಿ ಖಾಲಿಯಾದ ರಾತ್ರಿಗಳಲ್ಲಿ ಕಲಿತ ಪಾಠ. ಆದರೂ ತಿಂಗಳ ಕೊನೆಗೆ ಖಾತೆಯಲ್ಲಿ ದುಡ್ಡು ಉಳಿದಿರುವುದನ್ನು ಅವರು ಮದುವೆಯಾದ ಮೇಲೆ ಮೊದಲ ಬಾರಿ ಕಂಡದ್ದು ಆ ವ್ಯಾನಿನಲ್ಲೇ.

ಹತ್ತೊಂಬತ್ತು ತಿಂಗಳು ಇದ್ದರು. ಉಳಿದದ್ದು 2,66,000. ಗಾಡಿ ಮಾರಿದ್ದು 1,40,000ಕ್ಕೆ. ಎರಡೂ ಸೇರಿ 4,06,000. ಹಾಕಿದ್ದಕ್ಕಿಂತ 14,000 ಕಡಿಮೆ. ಮೂಲ ಬಜೆಟ್‌ನಲ್ಲೇ ಮುಗಿದಿದ್ದರೆ ಇಷ್ಟೇ ತಿಂಗಳಲ್ಲಿ 1,46,000 ಲಾಭ ಸಿಗುತ್ತಿತ್ತು. ಎರಡರ ನಡುವಿನ 1,60,000ದಲ್ಲಿ 66,000 ಹೋದದ್ದು ನೆಲದ ತುಕ್ಕಿಗೆ ಮತ್ತು ಎರಡನೇ ಸಲದ ಮರಗೆಲಸಕ್ಕೆ. ಕೊಳ್ಳುವ ಮೊದಲು ಮೇಸ್ತ್ರಿಯನ್ನು ಜೊತೆಗೆ ಕರೆದೊಯ್ದು, ಆರ್‌ಟಿಒ ಕಚೇರಿಯಲ್ಲಿ ಅರ್ಧ ದಿನ ಕಳೆದಿದ್ದರೆ, ನೆಲದ ಖರ್ಚು ಗಾಡಿಯ ಬೆಲೆಯಲ್ಲೇ ಕಡಿತವಾಗುತ್ತಿತ್ತು. ಎರಡನೇ ಕೂಲಿಯಂತೂ ಬರುತ್ತಲೇ ಇರಲಿಲ್ಲ.

2024ರ ಜುಲೈನಲ್ಲಿ ಗಾಡಿ ನೋಡಲು ಬಂದವರು ಹೊಸಕೋಟೆ ಕಡೆಯ ಒಬ್ಬ ಹಿರಿಯರು. ಒಳಗಿನ ಪರದೆ, ದಿಂಬು ಯಾವುದನ್ನೂ ಅವರು ಮುಟ್ಟಲಿಲ್ಲ. ಮಣ್ಣಿನ ಮೇಲೆ ಪೇಪರ್ ಹಾಸಿ, ಬೆನ್ನ ಮೇಲೆ ಮಲಗಿ, ಟಾರ್ಚ್ ಹಿಡಿದು ಗಾಡಿಯಡಿ ಸರಿದರು. ಸ್ಪ್ಯಾನರ್‌ನಿಂದ ನೆಲವನ್ನು ಅಲ್ಲಲ್ಲಿ ತಟ್ಟಿದ ಸದ್ದು ಹತ್ತು ನಿಮಿಷ ಕೇಳಿಸಿತು. ಹೊರಗೆ ಬಂದು ಅಂಗಿ ಕೊಡವಿಕೊಂಡು, ಹೇಳಿದ ಬೆಲೆಗೇ ಒಪ್ಪಿದರು.